ಅಗ್ಗದ ಕಾರಿನ ಲೆಕ್ಕ: ಫೋರ್ಡ್ ಟಿ ಮಾದರಿ ಮತ್ತು ನಮ್ಮ ನಾಡಿನ ಪ್ರಯತ್ನಗಳು



ಇಂದು ನಾನು ಹೇಳಹೊರಟಿರುವುದು ಫೋರ್ಡ್ ಕಂಪನಿಯ ಟಿ ಮಾದರಿಯ ಕಾರಿನ ಕಥೆ. ಅದು 1908ರ ಅಕ್ಟೋಬರ್ 1ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂತು, 1927ರ ಮೇ 26ರಂದು ಅದರ ತಯಾರಿಕೆ ನಿಂತಿತು. ಅಷ್ಟರಲ್ಲಿ ಒಂದೂವರೆ ಕೋಟಿ ಗಾಡಿಗಳು ಹೊರಬಿದ್ದಿದ್ದವು. ಆ ಲೆಕ್ಕವನ್ನು ಇನ್ನೊಂದು ಕಾರು ದಾಟಲು 1972ರವರೆಗೆ ಕಾಯಬೇಕಾಯಿತು. ದಾಟಿದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್.

ನಮ್ಮಲ್ಲಿ ಕಾರಿನ ಚರಿತ್ರೆಯನ್ನು ಅರಮನೆಯಿಂದ ಶುರುಮಾಡುವುದು ರೂಢಿ. ಯಾವ ಮಹಾರಾಜರ ಬಳಿ ಎಷ್ಟು ರೋಲ್ಸ್ ರಾಯ್ಸ್ ಇದ್ದವು, ಯಾವುದಕ್ಕೆ ಬೆಳ್ಳಿಯ ಹಿಡಿಕೆ ಇತ್ತು, ಇತ್ಯಾದಿ. ಅಂಥ ಗಾಡಿಗಳು ನೋಡಲು ಚೆಂದ. ಶ್ರೀರಂಗಪಟ್ಟಣ–ಮೈಸೂರು ಹೆದ್ದಾರಿಯ ಪಕ್ಕದ ‘ಪಯಣ’ ವಸ್ತುಸಂಗ್ರಹಾಲಯಕ್ಕೂ, ಧರ್ಮಸ್ಥಳಕ್ಕೂ ಹೋದವರು ಹಳೆಯ ಕಾರುಗಳನ್ನು ಕಣ್ತುಂಬ ನೋಡಿ ಬರಬಹುದು. ಆದರೆ ಸಾಮಾನ್ಯರ ಬದುಕನ್ನು ಬದಲಿಸಿದ ಕಾರು ಯಾವುದು, ಅದು ಯಾರ ದುಡಿಮೆಯಿಂದ ಅಗ್ಗವಾಯಿತು, ಕೆಟ್ಟರೆ ಅದನ್ನು ಯಾರು ರಿಪೇರಿ ಮಾಡಿದರು ಎಂದು ಕೇಳಲು ಕುಮಾರಪಟ್ಟಣದಂಥ ಊರೇ ಸರಿ. ಇದು ಹೆದ್ದಾರಿಯ ಊರು. ಬೆಂಗಳೂರು–ಧಾರವಾಡದ ಹಿರಿ ರಸ್ತೆಗೆ ಹರಿಹರದ ಬಳಿ ತುಂಗಭದ್ರೆಯ ಮೇಲೆ 14 ಕಮಾನುಗಳ ಕಲ್ಲು ಇಟ್ಟಿಗೆಯ ಸೇತುವೆ ಪೂರ್ಣವಾದದ್ದು 1868ರಲ್ಲಿ, ಜಗತ್ತಿಗೆ ಪೆಟ್ರೋಲ್ ಕಾರು ಇನ್ನೂ ಗೊತ್ತಿಲ್ಲದಾಗ. 1956ರ ನವೆಂಬರ್ 1ರವರೆಗೆ ಹೊಳೆಯ ಈ ದಂಡೆ ಮುಂಬೈ ಆಡಳಿತಕ್ಕೆ ಸೇರಿತ್ತು, ಹರಿಹರದ ಆ ದಂಡೆ ಮೈಸೂರಿಗೆ. ಆಚೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಾಡಲು ಶುರುಮಾಡಿತು. ಈಚೆ ಪಾಲಿಫೈಬರ್ಸ್ ಕಾರ್ಖಾನೆ ಬಂತು. ಪಾಳಿಯ ಸೈರನ್ನಿಗೆ ಎದ್ದು ಮಲಗಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಆದ್ದರಿಂದ ನಾನು ಮುಂದೆ ಕಾರ್ಖಾನೆಯ ಬಗ್ಗೆ ಹೇಳುವುದನ್ನು ನೀವು ನನಗಿಂತ ಚೆನ್ನಾಗಿ ತೂಗಿ ನೋಡಬಲ್ಲಿರಿ.

ಟಿ ಮಾದರಿ ಅಗ್ಗದ ಮೊದಲ ಕಾರೇನಲ್ಲ. 1901ರಲ್ಲೇ ಓಲ್ಡ್ಸ್‌ಮೊಬೈಲ್ ಕಂಪನಿ 650 ಡಾಲರಿಗೆ ಒಂದೇ ಸಿಲಿಂಡರಿನ ಪುಟ್ಟ ಗಾಡಿ ಮಾರುತ್ತಿತ್ತು. ಟಿ ಬಂದಾಗ ಅದರ ಬೆಲೆ 850 ಡಾಲರ್. ಹಾಗಾದರೆ ಹೆಸರು ಟಿ ಮಾದರಿಗೇ ಏಕೆ ಬಂತು? ಓಲ್ಡ್ಸ್‌ಮೊಬೈಲ್ ಪೇಟೆಯ ನಯವಾದ ರಸ್ತೆಯ ಗಾಡಿ. ಆ ಕಾಲದ ಅಮೆರಿಕದ ಹಳ್ಳಿಯ ದಾರಿ ಹೇಗಿತ್ತೆಂದು ತಿಳಿಯಬೇಕಾದರೆ ಬ್ಯಾಡಗಿ ಕಡೆಯ ಎರೆ ಹೊಲದ ನಡುವಿನ ಚಕ್ಕಡಿ ದಾರಿಯನ್ನು ಶ್ರಾವಣದಲ್ಲಿ ನೋಡಬೇಕು. ಮೊಣಕಾಲುದ್ದ ಕೆಸರು, ನಡುವೆ ದಿಣ್ಣೆ, ಎರಡೂ ಕಡೆ ಗಾಲಿ ಕೊರೆದ ಆಳದ ಜಾಡು. ಟಿ ಮಾದರಿಯನ್ನು ಕಟ್ಟಿದ್ದೇ ಈ ದಾರಿಗೆ. ನೆಲದಿಂದ ಎತ್ತರವಾಗಿತ್ತು. ಹಿಂದೆ ಮುಂದೆ ಅಡ್ಡಲಾಗಿ ಒಂದೊಂದೇ ಕಮಾನು ಪಟ್ಟಿ ಇದ್ದುದರಿಂದ ಒಂದು ಗಾಲಿ ಗುಂಡಿಗಿಳಿದು ಇನ್ನೊಂದು ದಿಣ್ಣೆ ಹತ್ತಿದರೂ ಚೌಕಟ್ಟು ತಿರುಚಿಕೊಂಡು ತಡೆದುಕೊಳ್ಳುತ್ತಿತ್ತು. ಎಡ ಬಲ ಗಾಲಿಗಳ ನಡುವಿನ ಅಳತೆ 56 ಇಂಚು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಂಡಿಗಳ ಜಾಡು ಇನ್ನೂ ಅಗಲವಾಗಿದ್ದರಿಂದ ಅಲ್ಲಿಗೆಂದೇ 60 ಇಂಚಿನ ಗಾಡಿಯನ್ನೂ ಕೆಲ ವರ್ಷ ಮಾಡಿದರು. ಮೋಟಾರು ಬಂಡಿಯ ಜಾಡಿಗೆ ಹೊಂದಿಕೊಂಡಿತು, ಬಂಡಿಯವರು ಮೋಟಾರಿಗಾಗಿ ದಾರಿ ಬದಲಿಸಬೇಕಾಗಲಿಲ್ಲ. ಯಂತ್ರ ಮಾಡುವವರು ಕಲಿಯಬೇಕಾದ ವಿನಯ ಇದರಲ್ಲಿದೆ ಎಂದು ನಾನು ನಂಬುತ್ತೇನೆ.

ಒಳಗಿನ ಕಟ್ಟುವಿಕೆಯೂ ಅದೇ ಬಗೆಯದು. ಹೆನ್ರಿ ಫೋರ್ಡ್ ಒಬ್ಬನೇ ಇದನ್ನು ರೂಪಿಸಲಿಲ್ಲ. ಹೆರಾಲ್ಡ್ ವಿಲ್ಸ್, ಹಂಗೇರಿಯಿಂದ ಬಂದಿದ್ದ ಜೋಸೆಫ್ ಗಲಾಂಬ್ ಮೊದಲಾದವರ ಕೈ ಇದರಲ್ಲಿದೆ. ವೆನೇಡಿಯಂ ಬೆರೆಸಿದ ಉಕ್ಕು ಬಳಸಿದ್ದರಿಂದ ಭಾಗಗಳು ತೆಳುವಾದವು, ಗಟ್ಟಿಯಾಗಿಯೂ ಉಳಿದವು. ಇಡೀ ಗಾಡಿಯ ತೂಕ ಸುಮಾರು 540 ಕಿಲೋ. ನಾಲ್ಕು ಸಿಲಿಂಡರುಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಮೇಲಿನ ತಲೆಯನ್ನು ಬೋಲ್ಟ್ ಬಿಚ್ಚಿ ತೆಗೆಯುವಂತೆ ಮಾಡಿದ್ದರು. ಇಂಜಿನ್ ತಲೆ ಬಿಚ್ಚಿ ಕಾರ್ಬನ್ ಕೆರೆದವರಿಗೆ ಇದರ ಬೆಲೆ ಗೊತ್ತು. ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಫ್ಲೈವೀಲಿನಲ್ಲೇ ಇತ್ತು, ಹೀಗಾಗಿ ಬ್ಯಾಟರಿ ಇಲ್ಲದೆಯೂ ಗಾಡಿ ಓಡುತ್ತಿತ್ತು. ನೀರು ತಿರುಗಿಸಲು ಪಂಪ್ ಬೇಕಿರಲಿಲ್ಲ, ಬಿಸಿ ನೀರು ತಾನಾಗಿ ಮೇಲೇರಿ ರೇಡಿಯೇಟರಿಗೆ ಹೋಗುತ್ತಿತ್ತು. ಗಾಲಿಗೆ ಕಟ್ಟಿಗೆಯ ಅರೆಗಳು. ಬೇರಿಂಗ್ ಸವೆದರೆ ಬ್ಯಾಬಿಟ್ ಲೋಹ ಕಾಸಿ ಹೊಯ್ದರಾಯಿತು. ಅಂದರೆ ಊರಿನ ಬಡಿಗ, ಕಮ್ಮಾರ ಇಬ್ಬರೂ ನೋಡಿದ ಕೂಡಲೇ ಕೈಹಾಕಬಹುದಾದ ಯಂತ್ರ.

ಇದನ್ನು ಓಡಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂದಿನ ಯಾವ ಡ್ರೈವರನನ್ನು ಅದರಲ್ಲಿ ಕೂರಿಸಿದರೂ ಅವನಿಗೆ ಗಾಡಿ ಒಂದು ಮಾರೂ ಮುಂದೆ ಹೋಗುವುದಿಲ್ಲ. ಕಾಲಿಗೆ ಮೂರು ಪೆಡಲ್, ಆದರೆ ಅವುಗಳಲ್ಲಿ ಆಕ್ಸಿಲರೇಟರ್ ಇಲ್ಲ. ಎಡಗಡೆಯದನ್ನು ಪೂರ್ತಿ ತುಳಿದರೆ ಮೊದಲ ಗೇರ್, ಅರ್ಧಕ್ಕೆ ಹಿಡಿದರೆ ನ್ಯೂಟ್ರಲ್, ಬಿಟ್ಟರೆ ಎರಡನೆಯ ಗೇರ್. ಇದ್ದ ಗೇರುಗಳು ಅಷ್ಟೇ. ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ಪೆಟ್ರೋಲ್ ಏರಿಸಿ ಇಳಿಸಲು ಸ್ಟೀರಿಂಗ್ ಚಕ್ರದ ಕೆಳಗೆ ಬಲಕ್ಕೊಂದು ಕಡ್ಡಿ, ಕಿಡಿಯ ಹೊತ್ತನ್ನು ಹಿಂದು ಮುಂದು ಮಾಡಲು ಎಡಕ್ಕೊಂದು. ಗಾಡಿ ಚಾಲೂ ಮಾಡುವ ಮುಂಚೆ ಕೈ ಬ್ರೇಕ್ ಎಳೆದು, ಎಡಗಡೆಯ ಕಡ್ಡಿಯನ್ನು ಪೂರ್ತಿ ಮೇಲೆತ್ತಿ ಕಿಡಿಯನ್ನು ತಡ ಮಾಡಿಕೊಳ್ಳಬೇಕು. ಆಮೇಲೆ ಕೆಳಗಿಳಿದು ಮುಂದೆ ಬಂದು, ರೇಡಿಯೇಟರ್ ಪಕ್ಕದ ಚೋಕ್ ತಂತಿ ಎಳೆದು, ಹ್ಯಾಂಡಲನ್ನು ಎಡಗೈಯಲ್ಲಿ ಹಿಡಿದು ಮೇಲಕ್ಕೆ ಜಗ್ಗಬೇಕು. ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಬೇಕು, ಹ್ಯಾಂಡಲಿಗೆ ಸುತ್ತಬಾರದು. ಕಿಡಿ ತಡ ಮಾಡಲು ಮರೆತಿದ್ದರೆ ಇಂಜಿನ್ ಹಿಂದಕ್ಕೆ ಒದೆಯುತ್ತಿತ್ತು. ಮಣಿಕಟ್ಟು ಮುರಿದುಕೊಂಡವರು ಲೆಕ್ಕವಿಲ್ಲದಷ್ಟು. ವಿದ್ಯುತ್ ಸ್ಟಾರ್ಟರ್ ಬಂದದ್ದು 1919ರಲ್ಲಿ.

ಇನ್ನೊಂದು ಸಂಗತಿ. ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗಿತ್ತು, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಹರಿದು ಇಂಜಿನ್ನಿಗೆ ಹೋಗಬೇಕು. ಕಡಿದಾದ ಏರಿನಲ್ಲಿ ಟ್ಯಾಂಕು ಅರ್ಧ ಖಾಲಿಯಿದ್ದರೆ ಇಂಜಿನ್ ಮೇಲಾಗಿ ಟ್ಯಾಂಕು ಕೆಳಗಾಗುತ್ತಿತ್ತು, ಗಾಡಿ ನಿಂತುಬಿಡುತ್ತಿತ್ತು. ಆಗ ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಏರು ಹತ್ತಿಸುತ್ತಿದ್ದರು. ರೈತರು ಇನ್ನೂ ಮುಂದೆ ಹೋದರು. ಹಿಂದಿನ ಒಂದು ಗಾಲಿಯನ್ನು ಜಾಕಿನ ಮೇಲೆತ್ತಿ, ಅದಕ್ಕೆ ಬೆಲ್ಟ್ ಹಾಕಿ ಕಟ್ಟಿಗೆ ಕೊಯ್ದರು, ನೀರೆತ್ತಿದರು, ಕಾಳು ಬೀಸಿದರು. ಕೊಂಡವರು ಯಂತ್ರವನ್ನು ತಮ್ಮದಾಗಿಸಿಕೊಳ್ಳುವುದೆಂದರೆ ಇದೇ. ಈ ಗುಣ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಟಿ ಮಾದರಿಯನ್ನು ಅಗ್ಗ ಮಾಡಿದ ಅರ್ಧ ಕಾರಣ ಇದೇ ಎಂಬುದು ನನ್ನ ಈ ಉಪನ್ಯಾಸದ ಮುಖ್ಯ ಮಾತು. ಕೊಳ್ಳುವಾಗಿನ ಬೆಲೆ ಒಂದು, ಇಟ್ಟುಕೊಳ್ಳುವ ಬೆಲೆ ಇನ್ನೊಂದು.

ಕೊಳ್ಳುವ ಬೆಲೆ ಇಳಿದದ್ದು ಕಾರ್ಖಾನೆಯಲ್ಲಿ. ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕಿನಲ್ಲಿ 1913ರಲ್ಲಿ ನಡೆದ ಒಂದು ಪ್ರಯೋಗ ನೋಡಿ. ಮ್ಯಾಗ್ನೆಟೋ ಜೋಡಿಸುವ ಕೆಲಸವನ್ನು ಒಬ್ಬನೇ ಮಾಡಿದರೆ ಒಂದಕ್ಕೆ 20 ನಿಮಿಷ ಹಿಡಿಯುತ್ತಿತ್ತು. ಅದನ್ನು 29 ಚೂರು ಕೆಲಸಗಳಾಗಿ ಒಡೆದು ಸಾಲಾಗಿ ನಿಂತವರಿಗೆ ಹಂಚಿದಾಗ ಒಂದಕ್ಕೆ ತಗಲುವ ದುಡಿಮೆ 13 ನಿಮಿಷಕ್ಕಿಳಿಯಿತು. ಬೆನ್ನು ಬಾಗಬಾರದೆಂದು ಸಾಲಿನ ಎತ್ತರವನ್ನು ಎಂಟು ಇಂಚು ಏರಿಸಿದರು, ಏಳು ನಿಮಿಷವಾಯಿತು. ಕೊನೆಗೆ ಐದಕ್ಕೆ ಬಂತು. ಅದೇ ದಾರಿಯಲ್ಲಿ ಇಡೀ ಗಾಡಿಯ ಚಾಸಿಯನ್ನು ಜೋಡಿಸುವ ಹೊತ್ತು 12 ತಾಸು 30 ನಿಮಿಷದಿಂದ ಸುಮಾರು ಒಂದೂವರೆ ತಾಸಿಗಿಳಿಯಿತು. ಇದು ಬರೀ ಸಾಲು ಹಿಡಿದು ನಿಂತದ್ದರಿಂದ ಆದದ್ದಲ್ಲ. ಒಂದು ಬೋಲ್ಟಿನಂತೆ ಇನ್ನೊಂದು ಬೋಲ್ಟ್, ಒಂದು ಪಿಸ್ಟನ್ನಿನಂತೆ ಇನ್ನೊಂದು ಪಿಸ್ಟನ್, ಅರದಿಂದ ಒಂದು ಎಳೆಯೂ ಉಜ್ಜದೆ ಕೂರಬೇಕು. ಅದಕ್ಕೆ ನಿಖರವಾಗಿ ಕಡಿಯುವ ಯಂತ್ರಗಳು ಬೇಕು. ಹರಿಹರದ ಲೇತುಗಳ ಮೇಲೆ ಕೆಲಸ ಮಾಡಿದ ಟರ್ನರುಗಳು ಈ ಸಭೆಯಲ್ಲಿದ್ದರೆ ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಿನ ಚರಿತ್ರೆಯನ್ನು ಬರೆಯುವವರು ಲೇತಿನ ಚರಿತ್ರೆಯನ್ನು ಬಿಟ್ಟುಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬೆಲೆ ಇಳಿಯುತ್ತಾ ಹೋಯಿತು. 1914ರಲ್ಲಿ 500 ಡಾಲರಿನ ಆಸುಪಾಸು, 1920ರ ದಶಕದ ನಡುವಿಗೆ ಇಬ್ಬರು ಕೂಡುವ ಗಾಡಿಗೆ 260 ಡಾಲರ್.

ಈ ಅಗ್ಗಕ್ಕೆ ಬೆಲೆ ತೆತ್ತವರೂ ಇದ್ದರು. ದಿನವಿಡೀ ಒಂದೇ ನಟ್ಟು ತಿರುಗಿಸುವ ಕೆಲಸ ಮನುಷ್ಯರಿಗೆ ಸಹಿಸಲಾಗಲಿಲ್ಲ. 1913ರಲ್ಲಿ ಸುಮಾರು 14 ಸಾವಿರ ಜಾಗಗಳನ್ನು ತುಂಬಿಸಿಟ್ಟುಕೊಳ್ಳಲು ಕಂಪನಿ 52 ಸಾವಿರ ಜನರನ್ನು ನೇಮಿಸಬೇಕಾಯಿತು. ಬಂದವರು ಬಂದ ದಾರಿ ಹಿಡಿದು ಹೋಗುತ್ತಿದ್ದರು. 1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು 2.34 ಡಾಲರಿನಿಂದ 5 ಡಾಲರಿಗೆ ಏರಿಸಿ, ಕೆಲಸದ ಹೊತ್ತನ್ನು ಒಂಬತ್ತು ತಾಸಿನಿಂದ ಎಂಟಕ್ಕೆ ಇಳಿಸಿದಾಗ ಜಗತ್ತು ಬೆರಗಾಯಿತು. ಲೆಕ್ಕ ಹಾಕಿದರೆ ನೂರು ದಿನದ ಕೂಲಿಗೆ ಒಂದು ಕಾರು. ಕೆಲಸಗಾರ ತಾನು ಮಾಡುವ ಕಾರನ್ನು ತಾನೇ ಕೊಳ್ಳಬಲ್ಲ ಎಂಬುದು ಚರಿತ್ರೆಯಲ್ಲಿ ಸಣ್ಣ ಮಾತಲ್ಲ. ಆದರೆ ಐದು ಡಾಲರಿನಲ್ಲಿ ಅರ್ಧದಷ್ಟು ಲಾಭದ ಪಾಲು ಎಂಬ ಹೆಸರಿನಲ್ಲಿತ್ತು. ಅದು ಸಿಗಬೇಕಾದರೆ ಕಂಪನಿಯ ತನಿಖಾಧಿಕಾರಿಗಳು ಮನೆಗೆ ಬಂದು, ಕುಡಿತವಿದೆಯೇ, ಮನೆ ಚೊಕ್ಕಟವಾಗಿದೆಯೇ, ಹಣ ಉಳಿಸುತ್ತಾರೆಯೇ ಎಂದು ನೋಡಿ ಒಪ್ಪಬೇಕಿತ್ತು. ಸಂಘ ಕಟ್ಟುವುದನ್ನು ಫೋರ್ಡ್ 1941ರವರೆಗೆ ಒಪ್ಪಲಿಲ್ಲ, ಅದಕ್ಕೂ ಮುಂಚೆ ಗೇಟಿನ ಮುಂದೆ ರಕ್ತ ಹರಿಯಿತು. ಕಾರ್ಖಾನೆಯಿಂದ ಅನ್ನ ಉಂಡ ಊರಿನಲ್ಲಿ ನಿಂತು ಈ ಎರಡನ್ನೂ ಒಟ್ಟಿಗೇ ಹೇಳುವುದು ನ್ಯಾಯ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವವರನ್ನು ನಾನು ಒಪ್ಪುವುದಿಲ್ಲ.

1920ರ ದಶಕದ ಆರಂಭಕ್ಕೆ ಜಗತ್ತಿನ ಕಾರುಗಳಲ್ಲಿ ಸುಮಾರು ಅರ್ಧ ಟಿ ಮಾದರಿಯವೇ ಆಗಿದ್ದವು. ಆಮೇಲೆ ಜನರಲ್ ಮೋಟಾರ್ಸ್ ಕಂತಿನ ಸಾಲ, ಬಗೆಬಗೆಯ ಬಣ್ಣ, ವರ್ಷಕ್ಕೊಂದು ಹೊಸ ರೂಪ ಕೊಟ್ಟು ಗಿರಾಕಿಗಳನ್ನು ಸೆಳೆಯಿತು. ಫೋರ್ಡ್ 1914ರಿಂದ 1925ರವರೆಗೆ ಕಪ್ಪು ಬಣ್ಣವನ್ನೇ ಹಿಡಿದು ಕೂತಿದ್ದ. ತಯಾರಿಕೆ ನಿಂತ ಮೇಲೂ ಓಡುತ್ತಿದ್ದ ಗಾಡಿಗಳಿಗಾಗಿ ಟಿ ಇಂಜಿನ್ನನ್ನು 1941ರವರೆಗೆ ಮಾಡುತ್ತಿದ್ದರು. ಮಾರಿದ ಯಂತ್ರದ ಕೈಬಿಡದ ಆ ನಡತೆಯನ್ನು ಇಂದಿನ ಕಂಪನಿಗಳಲ್ಲಿ ಹುಡುಕಬೇಕು.

ನಮ್ಮ ಕಡೆಗೆ ಬರೋಣ. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಫೋರ್ಡ್ ಗಾಡಿಗಳು ಬರುತ್ತಿದ್ದುದು ಕೆನಡಾದ ಕಾರ್ಖಾನೆಯಿಂದ. 1926ರಲ್ಲಿ ಮುಂಬೈಯಲ್ಲಿ ಫೋರ್ಡ್ ಇಂಡಿಯಾ ಶುರುವಾಯಿತು, 1928ರಲ್ಲಿ ಅಲ್ಲೇ ಜನರಲ್ ಮೋಟಾರ್ಸ್ ಗಾಡಿ ಜೋಡಿಸತೊಡಗಿತು. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಇಲ್ಲಿ ಕೂಡಿಸುವುದಷ್ಟೇ ಕೆಲಸ. ಇದು ಸಾಲದು ಎಂದು ಗಟ್ಟಿಯಾಗಿ ಹೇಳಿದವರು ಸರ್ ಎಂ. ವಿಶ್ವೇಶ್ವರಯ್ಯ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯುರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು ಭಾರತದಲ್ಲೇ ಪೂರ್ತಿ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಫೋರ್ಡ್ ಜೊತೆಗಿನ ಮಾತುಕತೆ ಫಲಿಸಲಿಲ್ಲ, ಕ್ರೈಸ್ಲರ್ ಒಪ್ಪಿತು. ಮೈಸೂರು ಸರ್ಕಾರ ಕೈಜೋಡಿಸಲು ಮುಂದೆ ಬಂತು, ಬ್ರಿಟಿಷ್ ಭಾರತ ಸರ್ಕಾರ ಅದಕ್ಕೆ ಅವಕಾಶ ಕೊಡಲಿಲ್ಲ. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿದ್ದು ಮುಂಬೈಯಲ್ಲಿ. ಮೈಸೂರಿನ ಪಾಲಿಗೆ ಬಂದದ್ದು ಅದೇ ವಾಲ್‌ಚಂದರು 1940ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ವಿಮಾನ ಕಾರ್ಖಾನೆ. ವಿಮಾನ ಯುದ್ಧಕ್ಕೆ ಬೇಕಿತ್ತು, ಕಾರು ಜನರಿಗೆ ಬೇಕಿತ್ತು. ಸರ್ಕಾರ ಯಾವುದನ್ನು ಆರಿಸಿಕೊಂಡಿತೆಂಬುದು ಸ್ಪಷ್ಟ.

ಇಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರನ್ನು ನೆನೆಯದೆ ಮುಂದೆ ಹೋಗಲಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಜರ್ಮನಿಯ ಓಪೆಲ್, ಇಂಗ್ಲೆಂಡಿನ ಮಾರಿಸ್, ಅಮೆರಿಕದ ಡಾಜ್ ಸಹೋದರರು, ಇವರೆಲ್ಲ ಸೈಕಲ್ಲಿನಿಂದಲೇ ಕಾರಿಗೆ ಹೋದವರು. ಕಿರ್ಲೋಸ್ಕರರು ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಕಬ್ಬಿಣದ ನೇಗಿಲಿಗೆ ಹೋದರು. ನಮ್ಮ ರೈತರಿಗೆ ಆಗ ಕಾರಿಗಿಂತ ನೇಗಿಲು ಮುಖ್ಯವಾಗಿತ್ತು, ಅವರ ತೀರ್ಮಾನ ಸರಿಯಾಗಿಯೇ ಇತ್ತು.

ಇನ್ನೊಂದು ಸಣ್ಣ ಪ್ರಸಂಗ. 1940ರ ದಶಕದ ಆರಂಭದಲ್ಲಿ ಹೆನ್ರಿ ಫೋರ್ಡ್ ಗಾಂಧೀಜಿಯವರಿಗೆ ಮೆಚ್ಚುಗೆಯ ಪತ್ರ ಬರೆದ, ಗಾಂಧೀಜಿ ಅವನಿಗೆ ತಮ್ಮ ಸಹಿ ಇದ್ದ ಚರಕ ಕಳಿಸಿಕೊಟ್ಟರು. ದಾಂಡಿ ಯಾತ್ರೆಗೆ ಹೋದ ಮೈಲಾರ ಮಹಾದೇವಪ್ಪನವರ ಮೋಟೆಬೆನ್ನೂರು ಇಲ್ಲಿಂದ ದೂರವಿಲ್ಲ, ಈ ಸೀಮೆಗೆ ಚರಕ ಹೊಸದಲ್ಲ. ಟಿ ಮಾದರಿಗೂ ಚರಕಕ್ಕೂ ಹೋಲಿಕೆ ವಿಚಿತ್ರವೆನ್ನಿಸಿದರೂ ಒಂದು ಮಾತು ನಿಜ: ಎರಡೂ ಕೆಟ್ಟರೆ ಇಟ್ಟುಕೊಂಡವರೇ ಸರಿಮಾಡಿಕೊಳ್ಳಬಹುದಾಗಿದ್ದ ಯಂತ್ರಗಳು.

ಸ್ವಾತಂತ್ರ್ಯದ ನಂತರ ಅಗ್ಗದ ಕಾರಿನ ಕನಸು ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಚಿಗುರಿತು. ಶಂಕರರಾವ್ ಕುಲಕರ್ಣಿ 1949ರಲ್ಲಿ ‘ಮೀರಾ’ ಎಂಬ ಇಬ್ಬರು ಕೂಡುವ ಕಾರನ್ನು ಕಟ್ಟಿ, ಎರಡು ದಶಕ ಅದನ್ನು ತಿದ್ದುತ್ತಾ ಹೋದರು. ಬೆಲೆ 12 ಸಾವಿರ ರೂಪಾಯಿ ಆದೀತೆಂಬ ಅಂದಾಜಿತ್ತು. ಗಾಡಿ ಇತ್ತು, ಅದನ್ನು ಸಾವಿರಗಟ್ಟಲೆ ಮಾಡುವ ಕಾರ್ಖಾನೆ ಹುಟ್ಟಲಿಲ್ಲ. ಬೆಂಗಳೂರಿನಲ್ಲಿ ಸಿಪಾನಿಯವರ ಸನ್‌ರೈಸ್ ಕಂಪನಿ 1970ರ ದಶಕದಲ್ಲಿ ಮೂರು ಗಾಲಿಯ, ಫೈಬರ್ ಗ್ಲಾಸ್ ಮೈಯ ‘ಬಾದಲ್’ ತಂದಿತು. 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ 848 ಸಿಸಿಯ ‘ಡಾಲ್ಫಿನ್’ ಬಂತು. ಹಗುರಾದ ಗಾಡಿ, ರ‍್ಯಾಲಿ ಓಡಿಸುವವರಿಗೆ ಅಚ್ಚುಮೆಚ್ಚು. 1983ರ ಡಿಸೆಂಬರಿನಲ್ಲಿ ಸುಮಾರು 50 ಸಾವಿರ ರೂಪಾಯಿಗೆ ಮಾರುತಿ 800 ಬಂದಾಗ ಅದರೆದುರು ಡಾಲ್ಫಿನ್ ನಿಲ್ಲಲಿಲ್ಲ. ಮಾರುತಿಯ ಹಿಂದೆ ಸರ್ಕಾರವಿತ್ತು, ಜಪಾನಿನ ಸುಜುಕಿಯ ಕಾರ್ಖಾನೆ ವಿದ್ಯೆಯಿತ್ತು. ಬೆಂಗಳೂರಿನ ಕಂಪನಿಗೆ ಅಂಥ ಆಸರೆ ಸಿಕ್ಕಿದ್ದರೆ ಕರ್ನಾಟಕದ ಹೆಸರು ಈ ಚರಿತ್ರೆಯಲ್ಲಿ ಇನ್ನೂ ದೊಡ್ಡ ಅಕ್ಷರದಲ್ಲಿ ಇರುತ್ತಿತ್ತು ಎಂಬುದು ನನ್ನ ಅನಿಸಿಕೆ.

2008ರಲ್ಲಿ ನಮ್ಮ ಬಾಗಿಲಿಗೇ ಒಂದು ಅವಕಾಶ ಬಂದಿತ್ತು. ಟಾಟಾ ನ್ಯಾನೊ ಕಾರಿನ ಕಾರ್ಖಾನೆ ಪಶ್ಚಿಮ ಬಂಗಾಳದ ಸಿಂಗೂರು ಬಿಡುವ ಹೊತ್ತಿನಲ್ಲಿ ಕರ್ನಾಟಕ ಸರ್ಕಾರ ಧಾರವಾಡದ ಬಳಿ ಜಾಗ ಕೊಡಲು ಮುಂದಾಯಿತು. ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು. ಒಂದು ಲಕ್ಷದ ಕಾರು ಎಂದು ಸಾರಿದ ನ್ಯಾನೊ ಹತ್ತು ವರ್ಷವೂ ಸರಿಯಾಗಿ ಬಾಳಲಿಲ್ಲ. ಅಗ್ಗದ ಗಾಡಿ ಎಂಬ ಹೆಸರೇ ಅದಕ್ಕೆ ಮುಳುವಾಯಿತು. 1908ರ ಅಮೆರಿಕದ ರೈತ ಟಿ ಮಾದರಿಯನ್ನು ಕೊಂಡದ್ದು ತನ್ನ ದಾರಿಯಲ್ಲಿ ಅದು ಓಡುತ್ತದೆಂದು. ನ್ಯಾನೊ ಮುಂದೆ ನಿಂತ ನಮ್ಮ ಮಧ್ಯಮ ವರ್ಗ ಪಕ್ಕದ ಮನೆಯವರು ಏನೆಂದಾರು ಎಂದು ಯೋಚಿಸಿತು.

ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಮನೆತನದ ಹಿರಿಯರಲ್ಲಿ ಒಂದು ಬಿನ್ನಹವಿದೆ. ಹರಿಹರ, ರಾಣೇಬೆನ್ನೂರು, ಹಾವೇರಿಗಳ ಗ್ಯಾರೇಜುಗಳಲ್ಲಿ ಅರವತ್ತು ಎಪ್ಪತ್ತು ದಾಟಿದ ಮಿಸ್ತ್ರಿಗಳು ಇನ್ನೂ ಇದ್ದಾರೆ. ಮೆಟಡಾರ್, ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಕಿವಿಯಿಂದಲೇ ಪರೀಕ್ಷಿಸಿದವರು ಅವರು. ಯಾವ ಭಾಗ ಮೊದಲು ಮುರಿಯುತ್ತಿತ್ತು, ಪೇಟೆಯಲ್ಲಿ ಸಿಗದಾಗ ಅದರ ಜಾಗಕ್ಕೆ ಏನು ಕಡಿದು ಹಾಕಿದಿರಿ, ಯಾವ ಲೇತಿನ ಮೇಲೆ, ಯಾರಿಂದ ಕಲಿತಿರಿ, ಕೂಲಿ ಎಷ್ಟು ಸಿಗುತ್ತಿತ್ತು, ಈ ಪ್ರಶ್ನೆಗಳನ್ನು ಅವರಿಗೆ ಕೇಳಿ ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ಇಲ್ಲಿನ ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಒಪ್ಪಿಸಿ. ಈ ದತ್ತಿಯ ಬಡ್ಡಿಯಲ್ಲಿ ಒಂದಿಷ್ಟನ್ನು ಅದಕ್ಕೆ ತೆಗೆದಿಡಿ. ನನಗೆ ಕೊಡುವ ಸಂಭಾವನೆಯನ್ನು ಅದರ ಮೊದಲ ಕಂತಾಗಿ ಇಟ್ಟುಕೊಳ್ಳಿ. ಮುಂದಿನ ವರ್ಷ ಈ ವೇದಿಕೆಗೆ ಅವರಲ್ಲೊಬ್ಬರನ್ನು ಉಪನ್ಯಾಸಕ್ಕೆ ಕರೆಯಿರಿ.